ಖಂಡೆಪೂಜೆಯ ದಿನಕ್ಕೆ ನಿಂತುಹೋದ ಯಂತ್ರ

ಶಹಾಬಾದಿನ ನಮ್ಮ ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ ಒಂದು ವಹಿ ತೂಗುಹಾಕಿದ್ದೇನೆ. ಮುಂಜಾನೆ ಬಂದ ಕೂಡಲೇ ಎ.ಸಿ. ಎಷ್ಟರಲ್ಲಿದೆ, ಹಿಂದಿನ ದಿನ ಕರೆಂಟು ಎಷ್ಟು ಸಲ ಹೋಯಿತು, ಜಾಲರಿಯ ಧೂಳು ಜಾಡಿಸಿದೆನೋ ಇಲ್ಲವೋ, ಎಲ್ಲ ಬರೆಯುತ್ತೇನೆ. ನಮ್ಮ ಕಡೆ ಧೂಳಿಗೆ ಬರವಿಲ್ಲ. ಒಂದು ಮಗ್ಗುಲು ಸಿಮೆಂಟು, ಇನ್ನೊಂದು ಮಗ್ಗುಲು ಕಲ್ಲು. ವಾರ ಬಿಟ್ಟು ಜಾಲರಿ ತೆಗೆದರೆ ಅಂಗೈ ತುಂಬ ಬೂದಿಬಣ್ಣದ ಹಿಟ್ಟು ಬರುತ್ತದೆ. ಇದನ್ನೆಲ್ಲ ಬರೆದಿಡು ಎಂದು ಯಾರೂ ಹೇಳಿಲ್ಲ. ಮನೆಯಲ್ಲಿ ಹಾಲಿನವನ ಲೆಕ್ಕ ಕ್ಯಾಲೆಂಡರಿನ ಮೇಲೆ ಗೀಚುವ ಚಟವೇ ಇಲ್ಲಿಗೂ ಬಂದಿದೆ.

ಆ ವಹಿಯಲ್ಲಿ ಮಾಘ ಮಾಸದ ಒಂದು ಭಾನುವಾರದ ಪುಟದ ಮೇಲೆ ‘ಮಧ್ಯಾಹ್ನ, ಸಿಗಲಿಲ್ಲ’ ಎಂಬ ಎರಡು ಮಾತು ಬಿಟ್ಟರೆ ಏನೂ ಇಲ್ಲ. ಆ ಎರಡು ಮಾತಿನ ಕಥೆಯನ್ನು ಬರೆಯಲು ಇಷ್ಟು ತಿಂಗಳು ಬೇಕಾಯಿತು.

ನಮ್ಮಲ್ಲಿ ಇದ್ದದ್ದು ಒಂದೇ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ, ಅಂದರೆ ಸರ್ವರ್. ಅದರೊಳಗೆ ನಾಲ್ಕು ಯಂತ್ರ. ಮೈ ಇಲ್ಲದ ಯಂತ್ರಗಳು. ವರ್ಚುವಲ್ ಮಷಿನ್ ಅನ್ನುತ್ತಾರೆ. ಒಂದು ಹೊರರೋಗಿಗಳ ಚೀಟಿ ಬರೆಯುವುದು, ಒಂದು ಔಷಧಿ ಅಂಗಡಿಯದು, ಒಂದು ರಕ್ತ ಪರೀಕ್ಷೆಯದು, ಒಂದು ಎಕ್ಸ್‌ರೇ ಚಿತ್ರಗಳದು. ತೆಂಗಳಿಯಲ್ಲಿ ನನ್ನ ತವರುಮನೆಯ ವಾಡೆಯಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು. ಗೋಡೆ ಒಂದೇ, ಅಂಗಳ ಒಂದೇ, ಸಂಸಾರ ಬೇರೆ. ಹಾಗೆಯೇ ಇದು. ಒಂದೇ ಪೆಟ್ಟಿಗೆಯಲ್ಲಿ ಯಾರಿಗೆ ಎಷ್ಟು ಜಾಗ ಎಂದು ಹಂಚಿಕೊಟ್ಟು ಜಗಳವಾಗದಂತೆ ನೋಡಿಕೊಳ್ಳುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ನಾವು ವರ್ಷಗಟ್ಟಲೆ ಬಳಸಿದ್ದ ಹೈಪರ್‌ವೈಸರಿನ ಬಾಡಿಗೆ ನಮ್ಮ ಕೈಗೆ ಎಟುಕದಷ್ಟು ಏರಿತ್ತು. ಬಾಡಿಗೆ ಇಲ್ಲದ ಬೇರೆ ಹೈಪರ್‌ವೈಸರಿಗೆ ನಾಲ್ಕೂ ಯಂತ್ರಗಳನ್ನು ಸಾಗಿಸಿಬಿಡಿ ಎಂದರು ಆಸ್ಪತ್ರೆ ನಡೆಸುವ ದೊಡ್ಡ ಡಾಕ್ಟರು. ಕೈಗೆ ಒಂದು ಸಣ್ಣ ಹೊಸ ಪೆಟ್ಟಿಗೆ ಕೊಟ್ಟರು. ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಕೆಲಸಕ್ಕೆ ನಾನೊಬ್ಬಳೇ.

ಹೊಸ ಪೆಟ್ಟಿಗೆಯಲ್ಲಿ ಎರಡೇ ಯಂತ್ರಕ್ಕೆ ಜಾಗ. ಹಾಗಾಗಿ ಸುಣ್ಣ ಹಚ್ಚುವಾಗ ಒಂದು ಕೋಣೆಯ ಸಾಮಾನು ಇನ್ನೊಂದಕ್ಕೆ ಒಯ್ದಂತೆ ಮಾಡಬೇಕಿತ್ತು. ಎಕ್ಸ್‌ರೇ ಮತ್ತು ಚೀಟಿಯ ಯಂತ್ರ ಹೊಸದಕ್ಕೆ. ಉಳಿದೆರಡು ತಾತ್ಕಾಲಿಕವಾಗಿ ಹೊರಗಿನಿಂದ ಜೋಡಿಸುವ ಒಂದು ಡಿಸ್ಕಿಗೆ. ಆಮೇಲೆ ಹಳೆಯ ಪೆಟ್ಟಿಗೆಯನ್ನು ಪೂರ್ತಿ ಒರೆಸಿ, ಅಂದರೆ ಅದರಲ್ಲಿದ್ದದ್ದೆಲ್ಲ ಅಳಿಸಿ, ಅದರಲ್ಲೂ ಹೊಸ ಹೈಪರ್‌ವೈಸರ್ ಹಾಕಿ, ಆ ಎರಡನ್ನು ಮರಳಿ ತರುವುದು. ಶನಿವಾರ ಮಧ್ಯಾಹ್ನ ಶುರು, ಸೋಮವಾರ ಮುಂಜಾನೆ ಚೀಟಿ ಕೊಡುವ ಹೊತ್ತಿಗೆ ಎಲ್ಲ ಸಿದ್ಧ.

ಆ ಸೋಮವಾರ ಬರೀ ಸೋಮವಾರವಾಗಿರಲಿಲ್ಲ. ತಿಂಗಳ ಮೊದಲ ಸೋಮವಾರ ಕಲಬುರಗಿಯಿಂದ ಎದೆರೋಗದ ಡಾಕ್ಟರು ಬರುತ್ತಾರೆ. ಚಿತ್ತಾಪುರ, ಚಿಂಚೋಳಿ ಕಡೆಯವರೆಲ್ಲ ಅವತ್ತೇ ಬಂದು ಕೂರುತ್ತಾರೆ. ಅವರಲ್ಲಿ ಒಬ್ಬಳು ನಮ್ಮ ರೊಟ್ಟಿಯ ತಂಗಿ.

ತಂಗಿ ಎಂದರೆ ಒಡಹುಟ್ಟಿದವಳಲ್ಲ, ರೈಲಿನಲ್ಲಿ ಆದವಳು. ನಾನು ವಾಡಿಯಿಂದ ದಿನಾ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ. ಅವಳೂ ವಾಡಿಯವಳೇ. ತವರು ಭೀಮೆಯ ದಂಡೆಯ ಸನ್ನತಿ. ಹದಿನಾಲ್ಕು ವರ್ಷ ಶಹಾಬಾದಿನ ಕಲ್ಲು ಪಾಲಿಶಿನ ಕೆಲಸ ಮಾಡಿ, ಕೆಮ್ಮು ಹಿಡಿದ ಮೇಲೆ ಅದನ್ನು ಬಿಟ್ಟು, ಬೆಳಗಿನ ಜಾವ ಜೋಳದ ರೊಟ್ಟಿ ಬಡಿದು ಬುಟ್ಟಿಯಲ್ಲಿ ಹೊತ್ತು ನಮ್ಮ ಆಸ್ಪತ್ರೆಯ ಅಡುಗೆಮನೆಗೆ ತಂದು ಕೊಡುತ್ತಿದ್ದಳು. ಬಿಸಿ ರೊಟ್ಟಿಯ ಬುಟ್ಟಿ ನಮ್ಮಿಬ್ಬರ ನಡುವೆ, ಹತ್ತು ಹದಿನೈದು ನಿಮಿಷದ ದಾರಿ.

ದೀಪಾವಳಿ ಕಳೆದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಅವಳ ಬಲಗಡೆಯ ಪುಪ್ಪುಸದ ಮೇಲ್ಭಾಗದಲ್ಲಿ ಒಂದು ಚುಕ್ಕಿ ಕಂಡಿತ್ತು. ಎದೆ ಡಾಕ್ಟರು ಹೇಳಿದ್ದನ್ನು ಅವಳು ರೈಲಿನಲ್ಲಿ ನನಗೆ ಹೇಳಿದ್ದಳು:

“ತೊಗರಿ ಕಾಳಿನಷ್ಟ ಅದ ಅಂದ್ರು ಯಕ್ಕಾ. ಮೂರು ತಿಂಗಳ ಬಿಟ್ಟು ಮತ್ತೊಂದು ಫೋಟೋ ತಗೀತಾರಂತ. ಎರಡೂ ಬಾಜೂಕ ಬಾಜೂಕ ಇಟ್ಟು ನೋಡ್ತಾರಂತ. ಅಷ್ಟs ಇದ್ರ ಬಿಟ್ಟುಬಿಡೂದು, ದೊಡ್ಡದು ಆಗಿದ್ರ ದೊಡ್ಡ ಊರಿಗೆ ಹೋಗಿ ಸೂಜಿ ಹಾಕಿ ತುಣುಕು ತಗಸೂದು.”

“ಅಷ್ಟs ಇರ್ತದ ಬಿಡು,” ಎಂದಿದ್ದೆ ನಾನು.

“ಇರಲಿ ಯವ್ವಾ. ಸೂಜಿ ಅಂದ್ರ ನಂಗ ಸಣ್ಣಾಕಿ ಇದ್ದಾಗಿಂದ ಅಂಜಿಕಿ. ದನದ ಡಾಕ್ಟರ್ ಓಣ್ಯಾಗ ಬಂದ್ರೂ ಓಡಿ ಹೋಗ್ತಿದ್ದೆ.”

ಮೊದಲಿನಂತೆ ಈಗ ಎಕ್ಸ್‌ರೇ ಹಾಳೆ ಕೈಗೆ ಕೊಡುವುದಿಲ್ಲ. ಚಿತ್ರ ನೇರವಾಗಿ ಯಂತ್ರಕ್ಕೆ ಬರುತ್ತದೆ, ಡಾಕ್ಟರು ಪರದೆಯ ಮೇಲೆ ನೋಡುತ್ತಾರೆ. ಆ ತೊಗರಿ ಕಾಳು ಇದ್ದದ್ದು ಯಾವ ಹಾಳೆಯ ಮೇಲೂ ಅಲ್ಲ, ನನ್ನ ಕೋಣೆಯ ಎಕ್ಸ್‌ರೇ ಯಂತ್ರದಲ್ಲಿ.

ಇನ್ನು ಪೂಜೆಯ ಮಾತು. ಮಹಾನವಮಿಗೆ ನಮ್ಮಲ್ಲಿ ಖಂಡೆಪೂಜೆ, ಅಂದರೆ ಆಯುಧಪೂಜೆ. ಆಸ್ಪತ್ರೆಯ ಜನರೇಟರು, ಆಂಬುಲೆನ್ಸು, ಎಕ್ಸ್‌ರೇ ತೆಗೆಯುವ ಯಂತ್ರ, ಕತ್ತರಿ, ಕಡೆಗೆ ನನ್ನ ಸರ್ವರ್. ವಿದ್ಯುತ್ ಮಿಸ್ತ್ರಿ ಕಾಕಾ ಎಲ್ಲಕ್ಕೂ ಯಜಮಾನರು. ಸೇಡಂ ತಾಲೂಕಿನ ಕೋಡ್ಲಾದವರು, ನಿವೃತ್ತಿಗೆ ಹತ್ತಿರ ಬಂದವರು. ಪೆಟ್ಟಿಗೆ ಬಂದ್ ಮಾಡಿ, ಒರೆಸಿ, ವಿಭೂತಿ ಎಳೆದು, ಚೆಂಡುಹೂ ಇಟ್ಟು, ಕಾಯಿ ಒಡೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಬಂದ್ ಮಾಡಿದ್ದು ಮತ್ತೆ ಏಳದೇ ಹೋದರೆ ಎಂಬ ಅಂಜಿಕೆಗೆ, ಬಂದ್ ಮಾಡುವ ಮುಂಚೆ ನಾನು ಪ್ರತಿ ಯಂತ್ರದ ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದೆ. ಈ ಗಳಿಗೆಯಲ್ಲಿ ಯಂತ್ರ ಹೇಗಿದೆಯೋ ಹಾಗೆ ಅದರ ಗುರುತು ನಿಲ್ಲಿಸಿಡುವುದು ಅದು. ಎಡವಟ್ಟಾದರೆ ಅಲ್ಲಿಗೆ ಹಿಂತಿರುಗಬಹುದು.

ಕೆಲಸ ಮುಗಿದ ಮೇಲೆ ಆ ಗುರುತನ್ನು ಅಳಿಸಬೇಕು. ನಾನು ಅಳಿಸುತ್ತಿರಲಿಲ್ಲ. ಮರುದಿನ ದಶಮಿಗೆ ಹಂಚಿಕೊಂಡ ಬನ್ನಿ ಎಲೆಯನ್ನು ಮುಂದಿನ ದಸರೆಯವರೆಗೆ ತಿಜೋರಿಯಲ್ಲಿ ಇಡುತ್ತೇವಲ್ಲ, ಹಾಗೆ ಇದೂ ಇರಲಿ, ಮುಂದಿನ ವರ್ಷ ಹೊಸದು ತೆಗೆದಾಗ ಹಳೆಯದನ್ನು ಅಳಿಸಿದರಾಯಿತು ಎಂದುಕೊಂಡಿದ್ದೆ. ಒಂದು ವರ್ಷ ಪೂಜೆಯ ಮರುದಿನವೇ ಅಳಿಸಲು ಕೂತಾಗ ಕಾಕಾನೂ “ಪೂಜಿ ದಿನದ್ದು ಅದರೀ ಅಕ್ಕೋರೇ, ಅಳಸಬ್ಯಾಡ್ರಿ, ಇರ್ಲಿ” ಅಂದಿದ್ದರು. ಇಬ್ಬರಿಗೂ ಅದು ಸರಿ ಅನಿಸಿತ್ತು. ಯಂತ್ರಗಳೂ ತಕರಾರು ಮಾಡಲಿಲ್ಲ.

ಶನಿವಾರ ಮೂರು ಯಂತ್ರ ಸುಸೂತ್ರ ಬಂದವು. ಹಳೆಯ ಹೈಪರ್‌ವೈಸರಿನಲ್ಲೇ ರಫ್ತು, ಅಂದರೆ ಎಕ್ಸ್‌ಪೋರ್ಟ್ ಮಾಡುವ ಒಂದು ಸಾಧನ ಇತ್ತು. ಅದು ಯಂತ್ರವನ್ನು ಪೂರ್ತಿ ಗಂಟುಕಟ್ಟಿ ಕೊಡುತ್ತಿತ್ತು. ಎಕ್ಸ್‌ರೇ ಯಂತ್ರ ಮಾತ್ರ ದೊಡ್ಡದು. ಮುಕ್ಕಾಲು ಹಾದಿಗೆ ಬಂದು ನಿಂತುಬಿಡುತ್ತಿತ್ತು. ಮೂರು ಸಲ ನಿಂತಿತು. ಆಗ ನನಗೆ ಹೊಳೆದದ್ದು ಅಡ್ಡದಾರಿ. ಆ ಯಂತ್ರದ ಕಡತಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ನೇರವಾಗಿ ನಕಲು ಮಾಡಿ ಒಯ್ದರೆ? ಆ ಹೊರಗಿನ ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ. ಅದರಲ್ಲಿದ್ದ ಎಕ್ಸ್‌ರೇ ಚಿತ್ರಗಳ ಹಳೆಯ ಬ್ಯಾಕಪ್ ಅಳಿಸಿ ಜಾಗ ಮಾಡಿದೆ. ಹೊಸ ಪ್ರತಿಯೇ ಕೈಯಲ್ಲಿರುವಾಗ ಹಳೆಯದು ಯಾಕೆ ಎಂದು.

ಹೊಸ ಪೆಟ್ಟಿಗೆಯಲ್ಲಿ ಭಾನುವಾರ ಮುಂಜಾನೆ ಎಕ್ಸ್‌ರೇ ಯಂತ್ರ ಎದ್ದಿತು. ಮಿಸ್ತ್ರಿ ಕಾಕಾ ವೈರು ಜೋಡಿಸಲು ಬಂದವರು ಬೆನ್ನ ಹಿಂದೆಯೇ ನಿಂತಿದ್ದರು.

“ನನ್ ಕೈ ಬಂತೇನ್ರಿ ಅಕ್ಕೋರೇ?”

ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದು ಮುರಿದುಕೊಂಡ ಕೈ. ಹುಡುಕಿದೆ. ಬಂತು. ಮುರಿದ ಮುಂಗೈ ಎಲುಬು ಪರದೆಯ ತುಂಬ.

“ಬಂತು ನೋಡ್ರಿ ಕಾಕಾ.”

“ಹಾ, ಅದೇ! ನಂದೇ ಕೈ. ಹಂಗಾದ್ರ ಎಲ್ಲಾ ಬಂದಂಗೇ. ಚಾ ತರಸ್ಲ್ಯಾ?”

ಚಹಾ ಕುಡಿದೆವು. ಕಾಕಾನ ಕೈ ಬಂದ ಧೈರ್ಯದ ಮೇಲೆ ಹಳೆಯ ಪೆಟ್ಟಿಗೆ ಒರೆಸಲು ಹಚ್ಚಿದೆ. ‘ಎಲ್ಲ ಅಳಿಸಿಹೋಗುತ್ತದೆ, ಖಾತ್ರಿಯೇ?’ ಎಂದು ಅದು ಕೇಳಿತು. ಖಾತ್ರಿ ಎಂದು ಒತ್ತಿದೆ. ಹೊಸ ಹೈಪರ್‌ವೈಸರ್ ಅದರ ಮೇಲೆ ಕೂತಿತು.

ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ, ನಾಳೆಗೆ ರೊಟ್ಟಿಯ ತಂಗಿಯ ಚಿತ್ರ ತೆಗೆದಿಟ್ಟರೆ ಡಾಕ್ಟರಿಗೆ ಹುಡುಕುವ ಕೆಲಸ ತಪ್ಪುತ್ತದೆ ಎಂದು ಅವಳ ಚೀಟಿಯ ಸಂಖ್ಯೆ ಹೊಡೆದೆ. ಈ ಸಂಖ್ಯೆಯ ರೋಗಿ ಇಲ್ಲ ಎಂದಿತು. ತಪ್ಪು ಹೊಡೆದಿರಬೇಕು ಎಂದು ಮತ್ತೆ ಹೊಡೆದೆ. ಹೆಸರು ಹಾಕಿದೆ. ಊರು ಹಾಕಿದೆ. ಕೊನೆಗೆ ಪಟ್ಟಿಯ ತುದಿಗೆ ಹೋಗಿ ನೋಡಿದೆ. ಕಟ್ಟಕಡೆಯ ಚಿತ್ರ ಮಹಾನವಮಿಯ ಮುನ್ನಾದಿನದ್ದು. ಅಲ್ಲಿಂದ ಈಚೆಗೆ ಯಾರೂ ಇರಲಿಲ್ಲ. ದೀಪಾವಳಿ, ಎಳ್ಳಮಾವಾಸ್ಯೆ, ಸಂಕ್ರಾಂತಿ, ಯಾವುದೂ ಆ ಯಂತ್ರಕ್ಕೆ ಬಂದೇ ಇರಲಿಲ್ಲ.

ಪೆಟ್ಟಿಗೆ ಮಾರಿದ ಕಲಬುರಗಿಯ ಇಂಜಿನಿಯರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಸ್ನ್ಯಾಪ್‌ಶಾಟ್ ಇತ್ತೇನ್ರಿ ಮೇಡಂ ಅದರ ಮ್ಯಾಲ?”

“ಖಂಡೆಪೂಜಿ ದಿನದ್ದು ಇತ್ತರಿ.”

“ಇತ್ತಂದ್ರ ದೊಡ್ಡ ಫೈಲಿನ್ಯಾಗ ಆ ದಿನದ ತನಕಷ್ಟೇ ಇರ್ತದ್ರಿ. ಅದರ ಮುಂದಿಂದೆಲ್ಲಾ ಬಾಜೂಕ ಒಂದು ಸಣ್ಣ ಫೈಲಿನ್ಯಾಗ ಬರಕೋಂತ ಹೋಗ್ತದ. ಎರಡೂ ಕೂಡೇ ಒಯ್ಯಬೇಕಿತ್ತು. ಎಕ್ಸ್‌ಪೋರ್ಟ್ ಮಾಡಿದ್ರ ತಾನೇ ಕೂಡಸಿ ಕೊಡ್ತಿತ್ತು. ಹಳೇ ಸರ್ವರ್ ಹಂಗs ಅದ ಅಲ್ರಿ?”

“ಒರಸೀನ್ರಿ.”

ಅವರು ಮೆಲ್ಲಗೆ, “ಈಗಿಂದೀಗ ಪ್ಲಗ್ ಕೀಳ್ರಿ. ಇನ್ನೊಂದು ಅಕ್ಷರ ಅದರ ಮ್ಯಾಲ ಬರೀಬಾರದು” ಎಂದರು.

ಕಿತ್ತೆ. ಎಳೆದ ರಭಸಕ್ಕೆ ಕುರ್ಚಿ ಉರುಳಿತು. ಕಾಕಾ ಓಡಿ ಬಂದವರು ನನ್ನ ಮುಖ ನೋಡಿ, “ಏನಾತ್ರಿ, ಶಾಕ್ ಹೊಡೀತೇನ್ರಿ?” ಎಂದರು. ಹೇಳಿದೆ. ಅವರು ನೆಲದ ಮೇಲೇ ಕೂತರು. “ನನ್ ಕೈ ಬಂತಲ್ರಿ ಮತ್ತ?” ಎಂದು ಕೇಳಿದರು. ಉತ್ತರ ಗೊತ್ತಿದ್ದೇ ಕೇಳಿದಂತಿತ್ತು. ಕಾಕಾನ ಕೈ ಮುರಿದದ್ದು ಎರಡು ದಸರೆಯ ಹಿಂದೆ. ಅದು ಬರಲೇಬೇಕಿತ್ತು. ನಾನು ನೋಡಬೇಕಾದದ್ದು ನಿನ್ನೆಯ ಚಿತ್ರವನ್ನು, ಹಳೆಯ ಕೈಯನ್ನಲ್ಲ.

ಇಬ್ಬರೂ ಎಕ್ಸ್‌ರೇ ಕೋಣೆಗೆ ಹೋದೆವು. ಚಿತ್ರ ತೆಗೆಯುವ ಯಂತ್ರದ ಹೊಟ್ಟೆಯಲ್ಲೂ ಸ್ವಲ್ಪ ದಿನ ಚಿತ್ರ ಉಳಿಯುತ್ತದೆ, ತುಂಬಿದಂತೆ ಹಳೆಯದನ್ನು ಅದೇ ಕೆಡವುತ್ತದೆ. ಒಂದೊಂದಾಗಿ ಹಿಂದೆ ಹಿಂದೆ ಹೋದೆ. ಸಂಕ್ರಾಂತಿಯವರೆಗೆ ಇತ್ತು. ಅದಕ್ಕೂ ಹಿಂದಿನದು ಇರಲಿಲ್ಲ. ವಾಪಸು ಬಂದು ವಹಿಯಲ್ಲಿ ‘ಮಧ್ಯಾಹ್ನ, ಸಿಗಲಿಲ್ಲ’ ಎಂದು ಬರೆದೆ. ಬುತ್ತಿಯಲ್ಲಿದ್ದದ್ದು ಅವಳದೇ ರೊಟ್ಟಿ. ಬಿಚ್ಚಲು ಆಗಲಿಲ್ಲ. ಹಳೆಯ ಪೆಟ್ಟಿಗೆಯ ಡಿಸ್ಕುಗಳನ್ನು ಕಾಕಾ ಒಂದೊಂದಾಗಿ ಹೊರಗೆಳೆದು, ಒಗೆದ ಟವೆಲ್ಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು.

ಸೋಮವಾರ ಮುಂಜಾನೆ ರೈಲಿನಲ್ಲಿ ಅವಳು ಎಂದಿನಂತೆ ಬುಟ್ಟಿ ನಡುವೆ ಇಟ್ಟು ಎದುರಿಗೆ ಕೂತಳು. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ಡಾಕ್ಟರ ಮುಂದೆ ಹೋಗುವುದಿತ್ತಲ್ಲ.

“ಯಾಕ ಯಕ್ಕಾ, ಮಾರಿ ಬಾಡ್ಯಾದ? ಮನ್ಯಾಗ ಜಗಳ ಆಡೀರೇನು?”

ಆಸ್ಪತ್ರೆ ಮುಟ್ಟುವ ಮುಂಚೆ ನಾನೇ ಹೇಳಬೇಕು ಎಂದು ನಿರ್ಧರಿಸಿಯೇ ಹತ್ತಿದ್ದೆ. ಹೇಳಿದೆ. ಸ್ನ್ಯಾಪ್‌ಶಾಟು, ಕಡತ ಎಂದೆಲ್ಲ ತಡವರಿಸಿದೆ. ಅವಳು ಕೈ ಎತ್ತಿ ತಡೆದಳು.

“ಸೀದಾ ಹೇಳ್ರಿ. ನನ್ ಫೋಟೋ ಅದನೋ ಇಲ್ಲೋ?”

“ಇಲ್ಲ ತಂಗಿ. ನನ್ನ ಕೈಯಿಂದ ಹೋಯ್ತು.”

ಅವಳು ಬುಟ್ಟಿಯ ಬಟ್ಟೆ ಸರಿಮಾಡುತ್ತ, “ಡಾಕ್ಟರಿಗೆ ನೆನಪಿರ್ತದೇನೋ” ಎಂದಳು.

ಡಾಕ್ಟರಿಗೆ ಚುಕ್ಕಿ ಇದ್ದದ್ದು ನೆನಪಿತ್ತು. ಅದರ ಅಂಚು ನೆನಪಿರಲಿಲ್ಲ. ಹೊಸ ಚಿತ್ರದಲ್ಲಿ ಚುಕ್ಕಿ ಇತ್ತು. ಆದರೆ ಬೆಳೆದಿದೆಯೋ ಇಲ್ಲವೋ ಯಾವುದಕ್ಕೆ ಹೋಲಿಸಿ ಹೇಳುವುದು? ಅವರು ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಕಲ್ಲಿನ ಧೂಳಿನ್ಯಾಗ ಇಷ್ಟು ವರ್ಷ ದುಡದಾರ. ಇನ್ನೂ ಮೂರು ತಿಂಗಳ ಕಾಯ್ರಿ ಅಂತ ನಾ ಹ್ಯಾಂಗ ಹೇಳಲಿ? ಏನರೆ ಇದ್ರ?” ಎಂದು ದೊಡ್ಡ ಊರಿನ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಅವಳು ಪತ್ರವನ್ನು ಖಾಲಿ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದಳು.

ಆ ಊರಿನಲ್ಲಿ ಬೆನ್ನಿನಿಂದ ಸೂಜಿ ಹಾಕಿ ತುಣುಕು ತೆಗೆದರು. ಇಂಥ ಸೂಜಿಯಿಂದ ಒಮ್ಮೊಮ್ಮೆ ಪುಪ್ಪುಸದಲ್ಲಿ ಗಾಳಿ ಸೋರುತ್ತದಂತೆ. ಯಾರ ತಪ್ಪೂ ಅಲ್ಲವಂತೆ. ಅವಳಿಗೆ ಸೋರಿತು. ಪಕ್ಕೆಗೆ ಕೊಳವೆ ಹಾಕಿ ಹನ್ನೊಂದು ದಿನ ಮಲಗಿಸಿದರು. ನಾನು ರಜೆ ಹಾಕಿ ಹೋದಾಗ ಕೊಳವೆಯ ತುದಿಯ ಬಾಟಲಿಯಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಅವಳು ಅದನ್ನೇ ನೋಡುತ್ತ ಮಲಗಿದ್ದಳು.

“ಹುಕ್ಕಾ ಇಟ್ಟಾರ ನೋಡ್ರಿ ಯಕ್ಕಾ ನಂಗ,” ಎಂದು ನಗಲು ಹೋಗಿ ನೋವಿಗೆ ಮುಖ ಕಿವುಚಿದಳು.

ತುಣುಕಿನ ಫಲಿತಾಂಶ ಬಂತು. ಕೆಟ್ಟದ್ದೇನೂ ಇರಲಿಲ್ಲ. ಕಲ್ಲಿನ ಹುಡಿ ಕೂತು ಗಟ್ಟಿಯಾದ ಗಂಟು, ಹಳೆಯದು. ಎಲ್ಲರೂ ದೇವರು ದೊಡ್ಡವನು ಅಂದರು. ಅವಳು ವಾಡಿಗೆ ಮರಳಿದಳು. ಆದರೆ ಒಲೆಯ ಮುಂದೆ ಕೂರಬಾರದು, ಭಾರ ಹೊರಬಾರದು ಎಂದಿದ್ದರು. ಮನೆಯ ಮೆಟ್ಟಿಲು ಮೂರು ಹತ್ತಿದರೆ ನಿಂತು ಏದುಸಿರು ಬಿಡುತ್ತಿದ್ದಳು. ಅಡುಗೆಮನೆಗೆ ರೊಟ್ಟಿ ಬೇರೆ ಕಡೆಯಿಂದ ಬರತೊಡಗಿತು. ರೈಲಿನಲ್ಲಿ ನನ್ನ ಎದುರಿನ ಜಾಗದಲ್ಲಿ ಯಾರ್ಯಾರೋ ಕೂರುತ್ತಿದ್ದರು.

ನಾನು ದೊಡ್ಡ ಡಾಕ್ಟರ ಹತ್ತಿರ ಹೋಗಿ ಕೆಲಸ ಬಿಡುತ್ತೇನೆ ಎಂದೆ. “ಬಿಟ್ಟು? ಹೋಗಿದ್ದು ಬರ್ತದೇನ್ರಿ? ಕುಂದ್ರಿ, ಇದ್ದದ್ದು ಸರಿ ಮಾಡ್ರಿ,” ಎಂದರು. ಬೇರೆ ಶಿಕ್ಷೆ ಕೊಡಲಿಲ್ಲ. ಹೋದದ್ದು ಅವಳ ಚಿತ್ರವೊಂದೇ ಅಲ್ಲ. ಮಹಾನವಮಿಯಿಂದ ಸಂಕ್ರಾಂತಿಯವರೆಗೆ ಬಂದವರದೆಲ್ಲ ಹೋಗಿತ್ತು. ಬಂದು ಕೇಳಿದವರಿಗೆಲ್ಲ ನಾನೇ ಎದ್ದು ನಿಂತು ಹೇಳುತ್ತಿದ್ದೆ.

ಊಟದ ನಂತರ ಸಿಗುವ ಒಂದು ತಾಸನ್ನು ಟವೆಲ್ಲಿನಲ್ಲಿ ಸುತ್ತಿಟ್ಟ ಡಿಸ್ಕುಗಳಿಗೆ ಕೊಟ್ಟೆ. ಒರೆಸಿದ್ದೆ ಎಂದರೂ ಮೇಲೆ ಬರೆದದ್ದು ಸ್ವಲ್ಪವೇ. ಅಡಿಯಲ್ಲಿ ಹಳೆಯದು ಚೂರುಚೂರಾಗಿ ಉಳಿದಿರುತ್ತದೆ ಎಂದು ಇಂಜಿನಿಯರು ಹೇಳಿದ್ದರು. ಡಿಸ್ಕುಗಳ ಯಥಾವತ್ ನಕಲು ತೆಗೆದು, ಅದನ್ನು ಹುಡುಕುವ ವಿಧಾನವನ್ನೂ ತೋರಿಸಿಕೊಟ್ಟರು. ಪ್ರತಿ ಎಕ್ಸ್‌ರೇ ಚಿತ್ರದ ಆರಂಭದಲ್ಲಿ ನಾಲ್ಕು ಅಕ್ಷರದ ಒಂದು ಗುರುತು ಇರುತ್ತದೆ. ಆ ನಾಲ್ಕು ಅಕ್ಷರ ಎಲ್ಲೆಲ್ಲಿ ಇವೆಯೋ ಅಲ್ಲಿಂದ ಮುಂದಕ್ಕೆ ಕತ್ತರಿಸಿ ತೆಗೆಯುವುದು. ಜೋಳದಲ್ಲಿ ಕಲ್ಲು ಆರಿಸುವ ಕೆಲಸವೇ. ಅದು ನನಗೆ ಬರುತ್ತದೆ. ಶಿವರಾತ್ರಿ ಬಂತು, ಮಾಘ ಮುಗಿಯಿತು, ಹೋಳಿ ಹೋಯಿತು. ಯಾರದೋ ಮೊಣಕಾಲು ಸಿಗುತ್ತಿತ್ತು, ಯಾರದೋ ಅರ್ಧ ಬೆನ್ನು, ನಾಣ್ಯ ನುಂಗಿದ ಕೂಸಿನ ಹೊಟ್ಟೆ. ಸಿಕ್ಕದ್ದನ್ನೆಲ್ಲ ಅವರವರ ಸಂಖ್ಯೆಗೆ ಸೇರಿಸಿ ವಹಿಯಲ್ಲಿ ಬರೆಯುತ್ತಿದ್ದೆ. ಕಾಕಾ ದಿನಾ ಬಾಗಿಲಲ್ಲಿ ಇಣುಕಿ, ಏನೂ ಕೇಳದೆ ಹೋಗುತ್ತಿದ್ದರು.

ಯುಗಾದಿ ಮುಗಿದ ವಾರದಲ್ಲಿ ಅವಳದು ಸಿಕ್ಕಿತು. ಪೂರ್ತಿ ಅಲ್ಲ. ಮೇಲಿನ ಅರ್ಧ ಚೊಕ್ಕ, ಕೆಳಗಿನ ಅರ್ಧ ಬರೀ ಬೂದಿ. ಚುಕ್ಕಿ ಇದ್ದದ್ದು ಮೇಲೆ. ಎದೆ ಡಾಕ್ಟರು ತಮ್ಮ ಮುಂದಿನ ಸರದಿಯ ಸೋಮವಾರ ಬಂದಾಗ ಎರಡನ್ನೂ ಬಾಜೂಕ ಬಾಜೂಕ ಇಟ್ಟು ಅಳೆದರು. ಅವರು ಕನ್ನಡಕ ತೆಗೆದಾಗಲೇ ನನಗೆ ತಿಳಿಯಿತು.

“ಅಷ್ಟs ಅದ,” ಎಂದರು.

ಇದನ್ನು ಅವಳಿಗೆ ಹೇಳುವುದೋ ಬೇಡವೋ ಎಂದು ಮನೆಯವರನ್ನೂ ಕಾಕಾನನ್ನೂ ಕೇಳಿದೆ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ ಎಂದರು ಮನೆಯವರು. ಕಾಕಾ ಮಾತ್ರ, “ಕಳದಾಗ ಹೇಳಿದ್ರಿ, ಸಿಕ್ಕಾಗ ಹೇಳೂದಿಲ್ಲೇನ್ರಿ?” ಎಂದರು.

ಭಾನುವಾರ ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಮೆಂತ್ಯೆಪಲ್ಯ ಸೋಸುತ್ತಿದ್ದಳು. “ಬರ್ರಿ ಯಕ್ಕಾ, ಕುಂದ್ರಿ,” ಎಂದಳು. ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಅಂದ್ರ ಆವತ್ತ ಇದು ಇದ್ದಿದ್ರ ನಂಗ ಸೂಜಿ ತಪ್ಪತಿತ್ತು.”

“ಹೌದು ತಂಗಿ.”

“ಈ ದಮ್ಮು ಹತ್ತೂದೂ ತಪ್ಪತಿತ್ತು.”

“ಹೌದು.”

ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಗುಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ.

“ಆ ಫೋಟೋ ನಂಗ ಕೊಡ್ರಿ,” ಎಂದಳು. “ಹಾಳಿ ಮ್ಯಾಲ ತಗಸಿ ಕೊಡ್ರಿ. ಎರಡೂ. ನಿಮ್ಮ ಪೆಟ್ಟಿಗ್ಯಾಗ ಇನ್ನ ಬ್ಯಾಡ.”

ಶಹಾಬಾದಿನಲ್ಲಿ ಈಗ ಆ ಹಾಳೆ ಯಾರೂ ತೆಗೆಯುವುದಿಲ್ಲ. ಕಲಬುರಗಿಗೆ ಹೋಗಿ ಎರಡನ್ನೂ ಕರಿ ಹಾಳೆಯ ಮೇಲೆ ಮೂಡಿಸಿಕೊಂಡು ಬಂದೆ. ಅವಳು ಅರ್ಧ ಬೂದಿಯಾದದ್ದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಚುಕ್ಕಿ ಎಲ್ಲಿ ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ಎರಡನೆಯ ಹಾಳೆಯ ಮೇಲೂ ಅದೇ ಬೆರಳಿಟ್ಟಳು. ಆಮೇಲೆ ಒಳಗೆ ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ರೊಟ್ಟಿಯ ಬುಟ್ಟಿಯಲ್ಲಿ ಎರಡನ್ನೂ ಹಾಕಿ, ಎಂದಿನ ಆ ಬಟ್ಟೆಯನ್ನೇ ಮುಚ್ಚಿ ಬಂದಳು. ಚಹಾಕ್ಕೆ ಇಡಲೇ ಎಂದು ಕೇಳಲಿಲ್ಲ. ನಾನೂ ಎದ್ದೆ.